ನೆಲದೊಳಗಿನ ಕೊಳವೆಯ ಆಯುಷ್ಯ

ನಮ್ಮ ಸೀಮೆಯಲ್ಲಿ ಮನೆ ಕಟ್ಟಿಸುವ ಗೃಹಸ್ಥನು ತಲೆಬಾಗಿಲಿಗೆ ಒಳ್ಳೆಯ ಸಾಗುವಾನಿಯೇ ಬೇಕೆಂದು ಮಲೆನಾಡಿನ ಡಿಪೋಗಳವರೆಗೂ ಅಲೆಯುತ್ತಾನೆ. ಪಡಸಾಲೆಯ ನೆಲಕ್ಕೆ ಯಾವ ಕಲ್ಲು ಒಪ್ಪುವುದೆಂದು ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ವಿಚಾರ ಮಾಡುತ್ತಾನೆ. ಚೌಕಟ್ಟು ನಿಲ್ಲಿಸುವ ದಿವಸ ಮುಹೂರ್ತವನ್ನು ಕೇಳಿ, ಬಂಧುಬಳಗವನ್ನು ಕರೆದು, ಗೌಂಡಿಗೂ ಬಡಿಗನಿಗೂ ಹೊಸ ಬಟ್ಟೆ ಉಡಿಸಿ ಗೌರವಿಸುತ್ತಾನೆ. ಆದರೆ ಅದೇ ಮನೆಯಲ್ಲಿ ಮುಂದೆ ಎರಡು ಮೂರು ತಲೆಮಾರಿನ ಜನರ ಮಲಮೂತ್ರವನ್ನೂ ಬಚ್ಚಲ ಕೊಳೆಯನ್ನೂ ನಿತ್ಯವೂ ಹೊತ್ತೊಯ್ಯಬೇಕಾದ ನಾಲ್ಕು ಅಂಗುಲದ ಕೊಳವೆಯನ್ನು ನೆಲದಲ್ಲಿ ಹೂಳುವ ಹೊತ್ತಿಗೆ ಅವನು ಬಹುಶಃ ಅಲ್ಲಿರುವುದೇ ಇಲ್ಲ. ಇದ್ದರೂ, ‘ಮುಚ್ಚಿದ ಮ್ಯಾಲ ಯಾರ್ ನೋಡ್ತಾರ್ರೀ ಸಾಹುಕಾರ್ರ’ ಎಂಬ ಮಾತಿಗೆ ತಲೆಯಾಡಿಸಿ ಊಟಕ್ಕೆ ಹೊರಟುಬಿಡುತ್ತಾನೆ. ಒಂದು ಮಧ್ಯಾಹ್ನದೊಳಗೆ ಮುಗಿದು ಮಣ್ಣು ಮುಚ್ಚಿಸಿಕೊಳ್ಳುವ ಈ ಕೆಲಸದ ಗುಣಾವಗುಣಗಳೇ ಕೊಳವೆಯ ಆಯುಷ್ಯವನ್ನು ನಿರ್ಣಯಿಸುತ್ತವೆಂದೂ, ಕೊಳವೆ ಯಾವ ದ್ರವ್ಯದಿಂದಾದುದು ಎಂಬುದು ಅನಂತರದ ಮಾತೆಂದೂ ನನ್ನ ದೃಢವಾದ ಅಭಿಪ್ರಾಯ.

ಹಿರೇಕೆರೂರು ದೊಡ್ಡ ಕೆರೆಯ ಮಗ್ಗುಲಲ್ಲಿ, ದುರ್ಗಾದೇವಿಯ ಸನ್ನಿಧಿಯಲ್ಲಿ ಬೆಳೆದು ಬಂದ ಊರು. ಒಂದು ಕಡೆ ರಾಣೇಬೆನ್ನೂರಿನ ಬಯಲು, ಇನ್ನೊಂದು ಕಡೆ ಶಿಕಾರಿಪುರ-ಸೊರಬಗಳ ಮಲೆನಾಡ ಸೆರಗು. ನಡುವಿನ ಈ ನೆಲದಲ್ಲಿ ಒಂದು ಹೊಲ ಕಪ್ಪು ಎರೆಯಾದರೆ ಪಕ್ಕದ್ದು ಕೆಂಪು ಮಸಾರಿ. ನೀರನ್ನು ಹಿಡಿದು ನಿಲ್ಲಿಸುವ, ಬೇಕಾದಾಗ ಬಿಡುವ ವಿದ್ಯೆಯಲ್ಲಿ ಈ ಸೀಮೆಯ ಪೂರ್ವಿಕರು ಸಾಮಾನ್ಯರಾಗಿರಲಿಲ್ಲ ಎಂಬುದಕ್ಕೆ ವಿಜಯನಗರದ ಕಾಲದಲ್ಲಿ ಮಾಸೂರಿನ ಬಳಿ ಕುಮುದ್ವತಿಗೆ ಅಡ್ಡವಾಗಿ ಕಟ್ಟಿದ ಮದಗದ ಕೆರೆಯೂ ಅದರ ಕಲ್ಲಿನ ತೂಬುಗಳೂ ಸಾಕ್ಷಿಯಾಗಿವೆ. ಆದರೆ ಕುಡಿಯುವ ನೀರಿಗೂ ಗದ್ದೆಯ ನೀರಿಗೂ ಸಂದ ಆ ವಿದ್ಯೆಯು ಕೊಳೆನೀರಿನ ಕಡೆಗೆ ತಿರುಗುವ ಅಗತ್ಯವು ಅಂದಿನ ಊರುಗಳಿಗೆ ಒದಗಲಿಲ್ಲ. ಬಚ್ಚಲ ನೀರು ಹಿತ್ತಲಿನ ಬಾಳೆಗೂ ತೆಂಗಿಗೂ ಹೋಗುತ್ತಿತ್ತು, ಮಿಕ್ಕದ್ದು ಓಣಿಯ ಗಟಾರವನ್ನು ಸೇರುತ್ತಿತ್ತು, ಮಲವಿಸರ್ಜನೆಗೆ ಬಯಲಿತ್ತು. ಆ ವ್ಯವಸ್ಥೆಯನ್ನು ಹೊಗಳುವ ಮನಸ್ಸು ನನಗಿಲ್ಲ. ಬೆಳಕು ಹರಿಯುವ ಮುನ್ನ ಇಲ್ಲವೆ ಕತ್ತಲಾದ ಮೇಲೆ ಮಾತ್ರ ಚರಿಗೆ ಹಿಡಿದು ಹೊರಡಬೇಕಾಗಿದ್ದ, ದಿನವಿಡೀ ದೇಹಬಾಧೆಯನ್ನು ತಡೆದುಕೊಂಡಿರುತ್ತಿದ್ದ ಹೆಂಗಸರ ಸಂಕಟವನ್ನು ಕಂಡವರು ಯಾರೂ ಅದನ್ನು ಹೊಗಳಲಾರರು. ಮನೆಯಂಗಳದಲ್ಲಿ ಸಂಡಾಸವಾದದ್ದು ನಮ್ಮ ಊರುಗಳಲ್ಲಿ ನಡೆದ ಬಹು ದೊಡ್ಡ ಸುಧಾರಣೆಗಳಲ್ಲೊಂದು. ಅದರೊಡನೆ ಬಂದದ್ದೇ ಈ ಕೊಳವೆ. ಬಹುಪಾಲು ಮನೆಗಳಲ್ಲಿ ಇದು ಒಂದು ತಲೆಮಾರಿನ ಈಚಿನದಾದುದರಿಂದ, ಅದು ಎಷ್ಟು ಕಾಲ ಬಾಳುತ್ತದೆಂದು ಹೇಳುವ ಅಜ್ಜನ ಅನುಭವ ಯಾವ ಮನೆಯಲ್ಲಿಯೂ ಇಲ್ಲ. ಎತ್ತಿನ ಬಂಡಿಯ ಅಚ್ಚು ಎಷ್ಟು ವರ್ಷ ತಡೆಯುವುದೆಂದು ಬಲ್ಲ ಹಿರಿಯರಿಗೂ ಇದು ಹೊಸದು.

ಆದ್ದರಿಂದ ಪುಸ್ತಕಗಳನ್ನು ಕೇಳಬೇಕಾಗುತ್ತದೆ. ಸುಟ್ಟ ಜೇಡಿಮಣ್ಣಿನ ಕೊಳವೆಗೆ ಐವತ್ತು ಅರವತ್ತು ವರ್ಷ, ಚೆನ್ನಾಗಿ ಹೂಳಿದ್ದರೆ ನೂರಕ್ಕೂ ಮೇಲೆ, ಎರಕದ ಕಬ್ಬಿಣಕ್ಕೆ ಎಪ್ಪತ್ತೈದರಿಂದ ನೂರು, ಪಿ.ವಿ.ಸಿ.ಗೆ ಐವತ್ತಕ್ಕೆ ಕಡಿಮೆಯಿಲ್ಲ, ನೂರಾದರೂ ಆಗಬಹುದು ಎಂದು ತಜ್ಞರು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಇವೆಲ್ಲ ಸರಿಯಾದ ಅಂದಾಜುಗಳೇ. ಹಾಗಾದರೆ ಇಪ್ಪತ್ತು ವರ್ಷಕ್ಕೆ, ಹತ್ತು ವರ್ಷಕ್ಕೆ, ಗೃಹಪ್ರವೇಶವಾಗಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿಯೇ ಅಂಗಳವನ್ನು ಅಗೆಯಿಸುವ ಪ್ರಸಂಗ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಈ ಅಂಕಿಗಳಲ್ಲಿ ಉತ್ತರವಿಲ್ಲ.

ಮಣ್ಣಿನ ಕೊಳವೆಯಿಂದಲೇ ಪ್ರಾರಂಭಿಸುವುದು ಉಚಿತ. ಏಕೆಂದರೆ ದೀರ್ಘಾಯುಷ್ಯದಲ್ಲಿ ಅದನ್ನು ಮೀರಿಸಿದ್ದು ಇನ್ನೊಂದಿಲ್ಲ. ಸರ್ವಜ್ಞನ ತಾಯಿಯು ಅಬಲೂರಿನ ಕುಂಬಾರರ ಮಾಳಿಯೆಂದು ಈ ಸೀಮೆಯ ಪ್ರತೀತಿ. ಅಂಥ ಕುಂಬಾರರ ಆವಿಗೆಯ ವಿದ್ಯೆಯೇ ದೊಡ್ಡ ಪ್ರಮಾಣದಲ್ಲಿ ಬೆಳೆದು ಉಪ್ಪಿನ ಹೊಳಪಿನ ಜೇಡಿಕೊಳವೆಯಾಯಿತು. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಕಾದ ಆವಿಗೆಯೊಳಕ್ಕೆ ಅಡಿಗೆಯ ಉಪ್ಪನ್ನು ಎರಚಿದರೆ, ಅದರಿಂದೆದ್ದ ಸೋಡಿಯಂ ಆವಿಯು ಜೇಡಿಯಲ್ಲಿನ ಸಿಲಿಕಾದೊಡನೆ ಕೂಡಿ ಗಾಜಿನಂಥ ಪದರವಾಗಿ ಮೈಗಂಟುತ್ತದೆ. ಆ ಪದರವನ್ನು ಆಮ್ಲವೂ ಕ್ಷಾರವೂ ತಿನ್ನಲಾರವು. ವಿಜಾಪುರದ ಆದಿಲಶಾಹಿಗಳು 1651ರ ಬೇಗಂ ತಲಾಬಿನಿಂದ ಊರೊಳಕ್ಕೆ ನೀರನ್ನು ತಂದದ್ದು ಗಾರೆಯ ಹೊದಿಕೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ. ಅದು ಕೊಳೆನೀರಲ್ಲದಿದ್ದರೂ, ನೆಲದೊಳಗೆ ಸುಟ್ಟಮಣ್ಣು ಶತಮಾನಗಳ ಕಾಲ ಇರಬಲ್ಲುದೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣ ಬೇಡ. ಆದರೆ ಈ ಕೊಳವೆಯು ಎರಡು ಮೂರು ಅಡಿಯ ತುಂಡುಗಳಲ್ಲಿ ಬರುವುದರಿಂದ ಮನೆಯಿಂದ ಮಲದ ಗುಂಡಿಯವರೆಗೆ ಹತ್ತಾರು ಸಂದುಗಳಾಗುತ್ತವೆ. ಆ ಸಂದುಗಳನ್ನು ಸೆಣಬಿನ ಹುರಿಯಿಂದಲೂ ಸಿಮೆಂಟಿನಿಂದಲೂ ಬಿಗಿಯುವುದು ರೂಢಿ. ಸಿಮೆಂಟು ಬಾಗದು, ನೆಲ ಒಂದು ಕೂದಲೆಳೆಯಷ್ಟು ಸರಿದರೂ ಸಂದು ಬಿರಿಯುತ್ತದೆ. ಕೊಳವೆ ನೂರು ವರ್ಷ ಬಾಳಿದರೂ ಸಂದು ಇಪ್ಪತ್ತಕ್ಕೆ ಸೋತರೆ ಮನೆಯವರ ಪಾಲಿಗೆ ಆಯುಷ್ಯ ಇಪ್ಪತ್ತೇ ಆಯಿತು.

ಬಿರಿದ ಸಂದಿನ ಸಮಾಚಾರವನ್ನು ಮೊದಲು ತಿಳಿಯುವುದು ಮರ. ಅತ್ತಿ, ಆಲ, ಅರಳಿಗಳ ಬೇರು ಬೇಸಗೆಯಲ್ಲಿ ತೇವವನ್ನರಸುತ್ತ ಹೊರಟಾಗ, ಸಂದಿನಿಂದ ಒಸರುವ ನೀರೂ ಆವಿಯೂ ಸುತ್ತಲ ಮಣ್ಣನ್ನು ತೇವವಾಗಿಟ್ಟಿರುತ್ತವೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬೇರಿನ ತುದಿಯೊಂದು ಒಳಹೊಕ್ಕು, ಅಲ್ಲಿ ನೀರೂ ಗೊಬ್ಬರವೂ ಸಮೃದ್ಧವಾಗಿ ದೊರೆತುದರಿಂದ ಕವಲೊಡೆದು, ಕೆಲವು ವರ್ಷಗಳಲ್ಲಿ ಕೊಳವೆಯನ್ನೆಲ್ಲ ತುಂಬಿಬಿಡುತ್ತದೆ. ಮರವನ್ನು ಕಡಿಯುವುದು ಇದಕ್ಕೆ ಪರಿಹಾರವಾಗಲಾರದು. ಸಂದು ಬಿಗಿಯಾಗಿದ್ದ ಕೊಳವೆಗೆ ಬೇರು ತಾನಾಗಿ ನುಗ್ಗಿದ್ದು ಬಹಳ ಅಪರೂಪ.

ಕಬ್ಬಿಣದ ವಿಷಯವನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ನಮ್ಮ ಸಣ್ಣ ಊರುಗಳಲ್ಲಿ ಅದು ಹಳೆಯ ಸರಕಾರಿ ಕಟ್ಟಡಗಳನ್ನು ಬಿಟ್ಟು ಒಳಹೊಕ್ಕದ್ದು ಕಡಿಮೆ. ಕಾಂಕ್ರೀಟಿನ ವಿಷಯ ಹಾಗಲ್ಲ. ಆಸ್ಟ್ರೇಲಿಯದ ವಾಲ್ಟರ್ ಹ್ಯೂಮ್ ಎಂಬಾತನು 1910ರಲ್ಲಿ ಅಚ್ಚನ್ನು ಗರಗರನೆ ತಿರುಗಿಸಿ ಕಾಂಕ್ರೀಟಿನ ಕೊಳವೆಯನ್ನು ಎರೆಯುವ ಉಪಾಯವನ್ನು ಕಂಡುಹಿಡಿದನು; 1926ರಲ್ಲಿ ವಾಲಚಂದ ಹಿರಾಚಂದರು ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯನ್ನು ಸ್ಥಾಪಿಸಿದಂದಿನಿಂದ ಅದು ನಮ್ಮ ದೇಶದ ಮೋರಿಗಳಲ್ಲೆಲ್ಲ ನೆಲೆಸಿತು. ಅದರ ಶತ್ರು ಹೊರಗಿಲ್ಲ. ಕೊಳೆನೀರು ಹರಿಯದೆ ನಿಂತು ಹಳಸಿದಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವು ಏಳುತ್ತದೆ. ಅದು ಕೊಳವೆಯ ನೆತ್ತಿಯ ತೇವದಲ್ಲಿ ಕರಗುತ್ತದೆ. ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಗಂಧಕಾಮ್ಲವನ್ನಾಗಿ ಮಾಡುತ್ತವೆ. ಆ ಆಮ್ಲವು ಸಿಮೆಂಟನ್ನು ಜಿಪ್ಸಮಿನ ಮೆತ್ತನೆಯ ಹಿಟ್ಟಾಗಿಸುತ್ತದೆ. ನೀರು ತಾಗುವ ತಳವು ಗಟ್ಟಿಯಾಗಿಯೇ ಇದ್ದು ನೀರು ತಾಗದ ಮೇಲ್ಭಾಗವೇ ಸವೆಯುವ ಈ ವಿಚಿತ್ರದ ಮೂಲಕಾರಣ ಸೂಕ್ಷ್ಮಜೀವಿಯೆಂಬುದನ್ನು ಪಾರ್ಕರ್ ಎಂಬ ವಿಜ್ಞಾನಿಯು 1945ರಲ್ಲಿ ಮೆಲ್ಬೋರ್ನಿನಲ್ಲಿ ತೋರಿಸಿಕೊಟ್ಟನು. ಮನೆಯವರು ಇದನ್ನು ತಿಳಿದಿರಬೇಕಾದ ಕಾರಣವುಂಟು. ಅಂಗಳದ ಸೆಪ್ಟಿಕ್ ಟ್ಯಾಂಕಿನ ಮೇಲೆ ಹಾಸಿದ ಕಾಂಕ್ರೀಟಿನ ಹಲಗೆಯೂ ಇದೇ ರೀತಿ ಅಡಿಯಿಂದ ತಿನ್ನಿಸಿಕೊಳ್ಳುತ್ತಿರುತ್ತದೆ. ಮೇಲೆ ನಿಂತು ನೋಡಿದರೆ ಅದು ಹೊಸದರಂತೆಯೇ ಕಾಣುತ್ತದೆ. ಒಳಗೆ ಕಬ್ಬಿಣದ ಸರಳು ಬಯಲಾಗಿರುತ್ತದೆ. ಮಕ್ಕಳು ಆಡುವ, ಕಾಳು ಒಣಹಾಕುವ ಅಂಗಳದಲ್ಲಿ ಆ ಹಲಗೆಯಿದ್ದರೆ, ಕೆಲವು ವರ್ಷಗಳಿಗೊಮ್ಮೆಯಾದರೂ ಅದನ್ನು ಎಬ್ಬಿಸಿ ಅಡಿಯನ್ನು ನೋಡಿಸುವುದು ಅವಶ್ಯ.

ಈಗಿನ ಮನೆಗಳಲ್ಲಿ ಎಲ್ಲೆಲ್ಲಿಯೂ ಪಿ.ವಿ.ಸಿ.ಯೇ. ಉದ್ದವಾದ ತುಂಡುಗಳು, ಕಡಿಮೆ ಸಂದುಗಳು, ನುಣುಪಾದ ಒಳಮೈ, ಹೊತ್ತೊಯ್ಯಲು ಹಗುರ, ಬೆಲೆಯಲ್ಲಿ ಸುಲಭ. ತುಕ್ಕಿಲ್ಲ, ಆಮ್ಲದ ಭಯವಿಲ್ಲ. 1930ರ ದಶಕದಲ್ಲಿ ಜರ್ಮನಿಯಲ್ಲಿ ಹೂತ ಇಂಥ ಕೊಳವೆಗಳು ಹಲವು ದಶಕಗಳ ತರುವಾಯವೂ ದೃಢವಾಗಿದ್ದುದನ್ನು ಪರೀಕ್ಷಿಸಿ ನೋಡಿದ್ದಾರೆ. ಇಷ್ಟೆಲ್ಲ ಗುಣಗಳಿದ್ದೂ ಅದು ನಮ್ಮಲ್ಲಿ ಅಲ್ಪಾಯುವಾಗುವುದನ್ನು ಕಂಡಾಗ, ದೋಷ ಅದರದಲ್ಲವೆಂಬುದು ಸ್ಪಷ್ಟವಾಗುತ್ತದೆ. ಅಂಗಡಿಯಲ್ಲಿ ನೋಡುವುದಕ್ಕೆ ಒಂದೇ ಬಗೆಯಾದ ಕೊಳವೆಗಳಲ್ಲಿ ಗೋಡೆಯ ದಪ್ಪದ ಭೇದವಿರುತ್ತದೆ. ಭಾರತೀಯ ಮಾನಕ 13592ರ ಪ್ರಕಾರ ‘ಎ’ ಬಗೆಯದು ಗಾಳಿ ಕೊಳವೆಗೂ ಮಳೆನೀರಿಗೂ, ‘ಬಿ’ ಬಗೆಯದು ಮಲಜಲಕ್ಕೆ ಮೀಸಲು. ನೆಲದಲ್ಲಿ ಹೂಳುವುದಕ್ಕೆಂದೇ 15328 ಎಂಬ ಬೇರೆ ಮಾನಕವಿದೆ. ಮಳೆನೀರಿನ ತೆಳುವಾದ ಕೊಳವೆಯನ್ನು ತಂದು ಟ್ರಾಕ್ಟರು ಹಾಯುವ ಅಂಗಳದಲ್ಲಿ ಗೇಣುದ್ದ ಆಳದಲ್ಲಿ ಹೂತರೆ ಅದು ಅಂಡಾಕಾರಕ್ಕೆ ತಿರುಗದೆ ಏನು ಮಾಡೀತು? ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಡಾಂಬರು ತೊಯ್ಸಿದ ಮರದ ನಾರಿನ ‘ಆರೆಂಜ್‌ಬರ್ಗ್’ ಕೊಳವೆಗಳನ್ನು ಅಗ್ಗವೆಂದು ಲಕ್ಷಾಂತರ ಮನೆಗಳಿಗೆ ಹಾಕಿದರು. ಅವು ಮಣ್ಣಿನ ಭಾರಕ್ಕೆ ಚಪ್ಪಟೆಯಾಗಿ, ಪದರುಪದರಾಗಿ ಎದ್ದು, ಐವತ್ತು ವರ್ಷ ಬಾಳಬೇಕಾದವು ಎಷ್ಟೋ ಕಡೆ ಮೂವತ್ತಕ್ಕೇ ಮುಗಿದವು. ಆ ಮನೆಗಳ ಒಡೆಯರು ಕಟ್ಟುವಾಗ ಉಳಿಸಿದ ಹಣಕ್ಕಿಂತ ಬಹುಪಟ್ಟು ಹೆಚ್ಚು ಹಣವನ್ನು ಅವರ ಮಕ್ಕಳು ತೆತ್ತರು. ಇನ್ನೊಂದು ಮಾತು: ಬಿಸಿಲು ಪಿ.ವಿ.ಸಿ.ಗೆ ವಿಷ. ಕಟ್ಟಡದ ಕೆಲಸ ನಿಂತು ಬಹುಕಾಲ ಬಯಲಲ್ಲಿ ಬಿದ್ದಿದ್ದ ಕೊಳವೆಯು ಬಣ್ಣಗೆಟ್ಟು, ಪೆಟ್ಟು ತಾಳುವ ಗುಣವನ್ನು ಕಳೆದುಕೊಂಡು, ಹೂಳುವಾಗಲೇ ಬಿರುಕಿಗೆ ಸಿದ್ಧವಾಗಿರುತ್ತದೆ.

ಇನ್ನು ನೆಲ. ಹಿರೇಕೆರೂರು ಸೀಮೆಯ ಮಟ್ಟಿಗೆ ಇದೇ ಮುಖ್ಯವಾದ ಪ್ರಕರಣ. ಮಸಾರಿಯು ಸ್ಥಿರಸ್ವಭಾವದ್ದು, ಅದರಲ್ಲಿ ಹೂತದ್ದು ಹೂತಂತೆಯೇ ಇರುತ್ತದೆ. ಎರೆಮಣ್ಣು ಹಾಗಲ್ಲ. ಅದರಲ್ಲಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯು ಮಳೆಗಾಲದಲ್ಲಿ ನೀರನ್ನು ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಕುಗ್ಗಿ, ಕೈ ಇಳಿಸಬಹುದಾದಷ್ಟು ಅಗಲವಾದ, ಆಳೆತ್ತರದವರೆಗೂ ಇಳಿಯುವ ಬಿರುಕುಗಳನ್ನು ತೋರುತ್ತದೆ. ವರ್ಷಕ್ಕೊಮ್ಮೆ ಹೀಗೆ ಏರಿಳಿಯುವ ನೆಲದಲ್ಲಿ ನೇರವಾಗಿ ಮಲಗಿಸಿದ ಕೊಳವೆಯು ಒಂದು ಕಡೆ ಎತ್ತಿಸಿಕೊಂಡು, ಇನ್ನೊಂದು ಕಡೆ ಕುಸಿದು, ನಡುವೆ ಜೋತು ಬೀಳುತ್ತದೆ. ಜೋತುಬಿದ್ದ ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಮಲ ತಂಗುತ್ತದೆ, ತಂಗಿದುದರ ಮೇಲೆ ಜಿಡ್ಡು ಕೂಡುತ್ತದೆ. ಆದ್ದರಿಂದ ಎರೆಯಲ್ಲಿ ಕಾಲುವೆಯನ್ನು ಬೇಕಾದುದಕ್ಕಿಂತ ಅರ್ಧ ಅಡಿ ಆಳವಾಗಿಯೂ ಇಕ್ಕೆಲಗಳಲ್ಲಿ ಅಗಲವಾಗಿಯೂ ತೋಡಿ, ತಳಕ್ಕೆ ಉಸುಕನ್ನು ಹಾಸಿ, ನೀರು ಚಿಮುಕಿಸಿ ದಮ್ಮಸು ಮಾಡಿ, ಕೊಳವೆಯ ಪಕ್ಕಗಳಲ್ಲಿಯೂ ಮೇಲೆಯೂ ಅದೇ ಉಸುಕನ್ನು ತುಂಬಿ, ಆಮೇಲೆ ಮಣ್ಣು ಮುಚ್ಚಬೇಕು. ಮನೆಯ ಗೋಡೆಯನ್ನು ದಾಟುವ ಎಡೆಯಲ್ಲಿ ಕೊಳವೆಯನ್ನು ಸಿಮೆಂಟಿನಿಂದ ಬಿಗಿದುಬಿಡದೆ ಸುತ್ತ ಸ್ವಲ್ಪ ಅವಕಾಶವನ್ನು ಬಿಟ್ಟು, ಹೊರಗೆ ರಬ್ಬರು ಉಂಗುರದ ಸಂದನ್ನು ಕೊಡಬೇಕು. ಮನೆ ನಿಂತಲ್ಲಿ ನಿಲ್ಲುತ್ತದೆ, ಅಂಗಳ ಉಸಿರಾಡುತ್ತದೆ, ಇವೆರಡರ ನಡುವೆ ಸಿಕ್ಕಿದ ಬಿಗಿಯಾದ ಕೊಳವೆ ಮುರಿಯುತ್ತದೆ. ಇದಕ್ಕೆ ಬೇಕಾಗುವ ಉಸುಕು ಬಹಳವೇನಲ್ಲ.

ಇಳಿಜಾರಿನ ಲೆಕ್ಕವೂ ಅಷ್ಟೇ ಸರಳ. ನಾಲ್ಕು ಅಂಗುಲದ ಕೊಳವೆಗೆ 40ಕ್ಕೆ 1, ಆರು ಅಂಗುಲದ್ದಕ್ಕೆ 60ಕ್ಕೆ 1 ಎಂಬುದು ಕುಶಲಿಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದ ನಿಯಮ. ಎಂದರೆ ನಲವತ್ತು ಅಡಿ ದೂರದ ಗುಂಡಿಯನ್ನು ಮುಟ್ಟುವಷ್ಟರಲ್ಲಿ ಕೊಳವೆ ಒಂದು ಅಡಿ ಇಳಿದಿರಬೇಕು. ಕೊಳೆಯು ತನ್ನ ಹಾದಿಯನ್ನು ತಾನೇ ತೊಳೆದುಕೊಂಡು ಹೋಗುವುದಕ್ಕೆ ಸೆಕೆಂಡಿಗೆ 0.6 ಮೀಟರಿನ ವೇಗವಾದರೂ ಇರಬೇಕೆಂದು ಕೇಂದ್ರ ಸರಕಾರದ ಒಳಚರಂಡಿ ಕೈಪಿಡಿಯು ವಿಧಿಸುತ್ತದೆ. ಇದೇ ಕೈಪಿಡಿಯು ಊರಿನ ಒಳಚರಂಡಿಯ ಜಾಲವನ್ನು 30 ವರ್ಷಗಳ ಮುಂದಿನ ಜನಸಂಖ್ಯೆಗೆ ತಕ್ಕಂತೆ ಯೋಜಿಸಬೇಕೆನ್ನುತ್ತದೆ. ಆ ಮೂವತ್ತನ್ನು ಕೊಳವೆಯ ಆಯುಷ್ಯವೆಂದು ತಪ್ಪಾಗಿ ತಿಳಿಯುವವರುಂಟು. ಊರು ಬೆಳೆಯುವ ಲೆಕ್ಕವದು. ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು 1975ರಲ್ಲಿ ಸ್ಥಾಪಿತವಾಯಿತಾದರೂ, ನಾಡಿನ ಸಣ್ಣ ಪಟ್ಟಣಗಳ ಬಹುಸಂಖ್ಯೆಯ ಮನೆಗಳು ಈ ಹೊತ್ತಿಗೂ ತಮ್ಮ ತಮ್ಮ ಗುಂಡಿಗಳನ್ನೇ ನಂಬಿವೆ.

ಕೊಳವೆಯೊಳಕ್ಕೆ ನಾವು ಏನನ್ನು ಬಿಡುತ್ತೇವೆ ಎಂಬುದರಲ್ಲಿ ನಮ್ಮ ಹಿಂದಿನವರ ವಿವೇಕ ದೊಡ್ಡದಿತ್ತು. ಬಚ್ಚಲ ನೀರೂ ಮುಸುರೆಯ ನೀರೂ ಹಿತ್ತಲ ಗಿಡಗಳಿಗೆ ಹೋಗುತ್ತಿದ್ದವು. ಮಲದೊಡನೆ ಅವನ್ನು ಬೆರೆಸುವ ಕಲ್ಪನೆಯೇ ಇರಲಿಲ್ಲ. ಈಗ ಎಲ್ಲವೂ ಒಂದೇ ಕೊಳವೆ. ಒಗ್ಗರಣೆಯ ಶೇಂಗಾ ಎಣ್ಣೆಯು ಬಿಸಿನೀರಿನೊಡನೆ ತೆಳ್ಳಗೆ ಹರಿದು ಹೋಗಿ, ಕೊಳವೆಯ ಒಳಮೈಗೆ ಜಿಡ್ಡಾಗಿ ಅಂಟುತ್ತದೆ. ಪಾತ್ರೆ ತಿಕ್ಕಿದ ಬೂದಿಯೂ ಬಚ್ಚಲ ಕೂದಲೂ ಅದನ್ನು ಹಿಡಿದು ನಿಲ್ಲುತ್ತವೆ. ಬಟ್ಟೆಯ ಚೂರೋ ಪ್ಲಾಸ್ಟಿಕ್ಕಿನ ಪ್ಯಾಡೋ ಬಂದು ಕೂತರೆ ಹಾದಿ ಮುಗಿಯಿತು. ಹೀಗೆ ಕಟ್ಟಿಕೊಂಡಾಗ ಅಂಗಡಿಯಿಂದ ಆಮ್ಲ ತಂದು ಸುರಿದು, ಕಬ್ಬಿಣದ ಸರಳು ತೂರಿಸಿ ಕುಟ್ಟಿ, ಆ ಕುಟ್ಟುವಿಕೆಯಿಂದ ಮೊಣಕೈ ತಿರುವನ್ನೇ ಒಡೆದುಕೊಂಡ ಮನೆಗಳು ಕಡಿಮೆಯಲ್ಲ. ಬಚ್ಚಲ ನೀರನ್ನು ಪ್ರತ್ಯೇಕಿಸಿ ಮತ್ತೆ ಬಾಳೆಯ ಬುಡಕ್ಕೆ ತಿರುಗಿಸಲು ಹಿತ್ತಲಿರುವ ಮನೆಗಳಲ್ಲಿ ಈಗಲೂ ಅಡ್ಡಿಯಿಲ್ಲ.

ಇಲ್ಲಿಯವರೆಗೆ ಕೊಳವೆಯ ವಿಚಾರವಾಯಿತು. ನನ್ನನ್ನು ಈ ವಿಷಯಕ್ಕೆ ಎಳೆತಂದದ್ದು ಬೇರೆಯದು. ಕೊಳವೆ ಕಟ್ಟಿದಾಗ, ಗುಂಡಿ ತುಂಬಿದಾಗ, ಯಾರನ್ನು ಕರೆಯುತ್ತೇವೆ? ಈ ಪ್ರಶ್ನೆಗೆ ನಮ್ಮ ಹಾವೇರಿ ಜಿಲ್ಲೆಯೇ ದೇಶವು ಮರೆಯಲಾಗದ ಉತ್ತರವನ್ನು ಕೊಟ್ಟಿತು. 2010ನೆಯ ಇಸವಿ ಜುಲೈ 20ರಂದು ಸವಣೂರಿನಲ್ಲಿ, ತಲೆಮಾರುಗಳಿಂದ ಊರಿನ ಮಲವನ್ನು ಬಳಿದು ಬದುಕಿದ್ದ ಕುಟುಂಬಗಳವರು, ತಾವು ವಾಸವಿದ್ದ ಜಾಗದಿಂದ ತಮ್ಮನ್ನು ಒಕ್ಕಲೆಬ್ಬಿಸುವುದನ್ನು ಪ್ರತಿಭಟಿಸಿ, ಪುರಸಭೆಯ ಎದುರಿಗೆ ನಿಂತು ಅದೇ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ; ಒಣ ಪಾಯಖಾನೆಗಳನ್ನೂ ಈ ವೃತ್ತಿಯನ್ನೂ ನಿಷೇಧಿಸುವ ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ನಿಷೇಧಗಳಾಗಿ ಇಷ್ಟು ಕಾಲ ಕಳೆದ ಮೇಲೆಯೂ, ನವಾಬರ ಅರಮನೆಗೂ ದೊಡ್ಡಹುಣಸೆಯೆಂದು ಕರೆಯುವ ದೈತ್ಯಾಕಾರದ ಬಾವೊಬಾಬ್ ಮರಗಳಿಗೂ ಹೆಸರಾದ ಆ ಊರಿನಲ್ಲಿ ಮನುಷ್ಯರು ತಮ್ಮ ಮಾತು ಕೇಳಿಸುವುದಕ್ಕೆ ಇಂಥ ದಾರಿಯನ್ನು ಹಿಡಿಯಬೇಕಾಯಿತೆಂಬುದನ್ನು ನೆನೆದಾಗ, ಹಾವೇರಿ ಜಿಲ್ಲೆಯವನಾದ ನನ್ನ ಮನಸ್ಸು ಇಂದಿಗೂ ಕುಗ್ಗುತ್ತದೆ.

2013ರ ಕಾನೂನು ಹಿಂದಿನದಕ್ಕಿಂತ ಮುಂದೆ ಹೋಗಿ, ರಕ್ಷಣಾ ಸಾಮಗ್ರಿಗಳಿಲ್ಲದೆ ಮೋರಿಗೂ ಸೆಪ್ಟಿಕ್ ಟ್ಯಾಂಕಿಗೂ ಮನುಷ್ಯನನ್ನು ಇಳಿಸುವುದನ್ನು ಅಪರಾಧವೆಂದು ಸಾರಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಜನಿಸಿದ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನವು ಹೂಡಿದ ಮೊಕದ್ದಮೆಯಲ್ಲಿ, ಹೀಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2023ರಲ್ಲಿ ಅದು 30 ಲಕ್ಷವಾಯಿತು. ಗುಂಡಿಯೊಳಗೆ ಸಾವು ಹೇಗೆ ಬರುತ್ತದೆಂಬುದನ್ನು ಪ್ರತಿಯೊಂದು ಮನೆಯವರೂ ಅರಿತಿರಬೇಕು. ಕಾಂಕ್ರೀಟನ್ನು ತಿನ್ನುವ ಅದೇ ಅನಿಲ, ಸ್ವಲ್ಪವಿದ್ದಾಗ ದುರ್ವಾಸನೆಯಾಗಿ ಎಚ್ಚರಿಸುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುವುದರಿಂದ ವಾಸನೆ ತಿಳಿಯುವುದಿಲ್ಲ. ಇಳಿದವನು ‘ಈಗ ವಾಸನೆ ಇಲ್ಲ’ ಎಂದುಕೊಂಡ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಅವನು ಕುಸಿದುದನ್ನು ಕಂಡು ಎಳೆಯಲು ಇಳಿದ ಅಣ್ಣನೋ ತಮ್ಮನೋ ಅವನ ಹಿಂದೆಯೇ ಹೋಗುತ್ತಾನೆ; ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತ ಸುದ್ದಿಗಳ ಹಿಂದೆ ಇರುವುದು ಬಹುಮಟ್ಟಿಗೆ ಇದೇ ಕಥೆ.

ಆದಕಾರಣ ಕೊಳವೆಯ ಆಯುಷ್ಯವನ್ನು ವರ್ಷಗಳಲ್ಲಿ ಎಣಿಸುವುದಕ್ಕಿಂತ, ಅದು ಇರುವಷ್ಟು ಕಾಲ ಒಬ್ಬ ಮನುಷ್ಯನನ್ನು ಎಷ್ಟು ಸಾರಿ ಕೊಳೆಯ ಹತ್ತಿರಕ್ಕೆ ಕರೆಯಬೇಕಾಯಿತು ಎಂದು ಎಣಿಸಬೇಕೆಂಬುದೇ ನಾನು ಹೇಳಬೇಕೆಂದಿದ್ದುದು. ಸಕ್ಕಿಂಗ್ ಯಂತ್ರ ಬಂದಿದೆ. ದೇವನಹಳ್ಳಿಯಲ್ಲಿ 2015ರಿಂದ, ಗುಂಡಿಗಳಿಂದ ಹೀರಿ ತಂದ ಹೂಳನ್ನು ಶುದ್ಧೀಕರಿಸಿ ಗೊಬ್ಬರ ಮಾಡುವ ಘಟಕವೂ ನಡೆದುಬಂದಿದೆ. ಆದರೆ ಯಂತ್ರದ ನಳಿಕೆ ಇಳಿಯುವುದಕ್ಕೆ ಗುಂಡಿಯ ಬಾಯಿ ಬೇಕು. ಎಷ್ಟೋ ಮನೆಗಳಲ್ಲಿ ಆ ಬಾಯಿಯ ಮೇಲೆ ಟೈಲ್ಸು ಹಾಸಿ, ಅದರ ಮೇಲೆ ಮೆಟ್ಟಿಲನ್ನೋ ತುಳಸಿಕಟ್ಟೆಯನ್ನೋ ಕಟ್ಟಿಬಿಟ್ಟಿರುತ್ತಾರೆ. ಆಗ ಮತ್ತೆ ಗುದ್ದಲಿ, ಮತ್ತೆ ಮನುಷ್ಯ.

ಹೊಸ ಮನೆಯ ಕೆಲಸ ಹಿಡಿದವರು ಮಾಡಬಹುದಾದದ್ದು ಬಹಳವೇನಿಲ್ಲ. ಕೊಳವೆ ತಿರುಗುವ ಪ್ರತಿಯೊಂದು ಕಡೆಯಲ್ಲಿಯೂ, ಎರಡು ಕೊಳವೆ ಕೂಡುವ ಕಡೆಯಲ್ಲಿಯೂ ಮುಚ್ಚಳವಿರುವ ಒಂದು ಚೇಂಬರನ್ನು ಕಟ್ಟಿಸಬೇಕು. ಸಾಧ್ಯವಾದಲ್ಲೆಲ್ಲ ಒಂದೇ ಚೂಪಾದ ಮೊಣಕೈಯ ಬದಲಿಗೆ ಎರಡು ಓರೆ ತಿರುವುಗಳನ್ನು ಹಾಕಿಸಬೇಕು. ಅನಿಲ ಹೊರಹೋಗುವ ಗಾಳಿ ಕೊಳವೆಯನ್ನು ಮಾಳಿಗೆಗಿಂತ ಎತ್ತರಕ್ಕೆ ಒಯ್ಯಬೇಕು. ಮಣ್ಣು ಮುಚ್ಚುವ ಮೊದಲು ಕೆಳತುದಿಯನ್ನು ಬಿಗಿದು, ಕೊಳವೆಯ ತುಂಬ ನೀರು ನಿಲ್ಲಿಸಿ, ಒಂದು ತಾಸು ಬಿಟ್ಟು ಮಟ್ಟ ಇಳಿಯಿತೇ ಎಂದು ನೋಡಬೇಕು. ಇಳಿದಿದ್ದರೆ ಯಾವ ಸಂದಿನಲ್ಲಿ ಒಸರಿತೆಂಬುದು ಒದ್ದೆಯಾದ ಉಸುಕಿನಿಂದಲೇ ತಿಳಿಯುತ್ತದೆ. ಆ ಹೊತ್ತಿಗೆ ಯಜಮಾನನೂ ಯಜಮಾನಿಯೂ ಕಾಲುವೆಯ ದಂಡೆಯ ಮೇಲೆ ನಿಂತಿರಬೇಕು. ನಿಂತವರು ಒಂದು ಹಾಳೆಯ ಮೇಲೆ, ಮನೆಯ ಈಶಾನ್ಯ ಮೂಲೆಯಿಂದ ಮೊದಲನೆಯ ಚೇಂಬರು ಎಷ್ಟು ಅಡಿ, ಅಲ್ಲಿಂದ ಗುಂಡಿಯ ಬಾಯಿ ಎಷ್ಟು ಅಡಿ, ಕೊಳವೆ ಎಷ್ಟು ಆಳದಲ್ಲಿದೆ, ಯಾವ ಬಗೆಯದು, ಯಾವ ವರ್ಷ ಹೂತದ್ದು, ಕೆಲಸ ಮಾಡಿದ ಗೌಂಡಿ ಯಾರು ಎಂಬಿಷ್ಟನ್ನು ಬರೆದು, ಮನೆಯ ಉತಾರದೊಡನೆ ಅದೇ ಕಡತದಲ್ಲಿ ಇಡಬೇಕು.